ಅನುದಿನದ ಅನ್ನ, ಅನುದಿನದ ಸಾಲ



ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಪ್ರಯಾಣಮಾಡಿದವರಿಗೆಲ್ಲ ರಾಮನಗರದ ಬಂಡೆಗಳೂ ಚನ್ನಪಟ್ಟಣದ ಬಣ್ಣದ ಬೊಂಬೆಗಳೂ ಪರಿಚಿತವಾಗಿಯೇ ಇವೆ. ಇವೆರಡಕ್ಕೆ ಕನಕಪುರ ಮಾಗಡಿಗಳನ್ನು ಕೂಡಿಸಿದರೆ ಒಂದು ಸೀಮೆಯಾಗುತ್ತದೆ. ೨೦೦೭ರಲ್ಲಿ ಅದನ್ನು ರಾಮನಗರ ಜಿಲ್ಲೆಯೆಂದು ಬೇರೆಮಾಡಿದರು. ೨೦೨೫ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರಾಯಿತು. ಹೆಸರು ಏನಾದರೂ ಆಗಲಿ, ಅಲ್ಲಿನ ಬಡಜನರ ಬಾಳು ನಿಂತಿರುವುದು ರಾಗಿ, ರೇಷ್ಮೆ, ಕೂಲಿ, ಈ ಮೂರರ ಮೇಲೆ. ಈ ಮೂರರ ಹಿಂದೆಯೂ ನೆರಳಿನಂತೆ ನಿಂತಿರುವುದು ಸಾಲ. ಬೈಬಲಿನ ಬೋಧೆಯು ಇಂಥ ಸಾಲದ ಮನೆಯ ಬಾಗಿಲಿಗೆ ಬಂದಾಗ ಏನು ಹೇಳುತ್ತದೆ, ಮತ್ತು ಯಾರಿಗೆ ಹೇಳುತ್ತದೆ, ಎಂಬುದೇ ಈ ದಿನ ನಾವು ವಿಚಾರಮಾಡತಕ್ಕ ವಿಷಯ.

ಕೆಲವು ವರ್ಷಗಳ ಕೆಳಗೆ ಈ ಪ್ರಶ್ನೆಯನ್ನು ನಮ್ಮ ಮುಂದೆ ತಂದಿಟ್ಟವಳು ಆ ಕಡೆಯ ಒಬ್ಬ ಕ್ರೈಸ್ತ ಗೃಹಿಣಿ. ರೇಷ್ಮೆಹುಳು ಸಾಕುವ ಮನೆ. ಎರಡು ಬೆಳೆ ಒಂದರ ಹಿಂದೊಂದು ಹಾಲುತೊಂಡೆ ರೋಗಕ್ಕೆ ತುತ್ತಾಗಿದ್ದುವು; ವಾರದ ಕಂತಿನ ದಿನ ಎದುರಿಗೆ ಬಂದಿತ್ತು. ಸಮಾಧಾನ ಹೇಳಬೇಕೆಂಬ ಸದುದ್ದೇಶದಿಂದ ನಾವು ಯೇಸುಸ್ವಾಮಿಯ ಬೆಟ್ಟದ ಪ್ರಸಂಗವನ್ನು ನೆನಪಿಗೆ ತಂದೆವು. ಬಿತ್ತದೆ ಕೊಯ್ಯದೆ ಇರುವ ಹಕ್ಕಿಗಳನ್ನೂ ದೇವರು ಸಲಹುತ್ತಾನಾದುದರಿಂದ ನಾಳೆಯ ಚಿಂತೆ ಬೇಡವೆಂಬ ಭಾವವನ್ನು ವಿವರಿಸಿದೆವು. ಆಕೆ ಗೌರವದಿಂದಲೇ ಎಲ್ಲವನ್ನೂ ಕೇಳಿ, ಕೊನೆಗೆ, "ಹಕ್ಕಿ ಕಂತು ಕಟ್ಟಬೇಕಾಗಿಲ್ಲವಲ್ಲ, ಸ್ವಾಮಿ" ಎಂದಳು. ನಮಗೆ ಉತ್ತರ ತೋಚಲಿಲ್ಲ. ಆಕೆಯ ಮಾತಿನಲ್ಲಿ ಅವಿಶ್ವಾಸವಿರಲಿಲ್ಲ. ನಮ್ಮ ಬೋಧೆಯಲ್ಲಿ ಏನೋ ಅರ್ಧ ಉಳಿದುಹೋಗಿತ್ತು. ಆ ಅರ್ಧವನ್ನು ಹುಡುಕಿಕೊಂಡು ಹೋದ ಫಲವೇ ಈ ಭಾಷಣ.

ಮೊದಲು ಆ ಕಸುಬಿನ ಸ್ವರೂಪವನ್ನು ತಿಳಿಯಬೇಕು. ಮೊಟ್ಟೆಯೊಡೆದ ಹುಳು ಹಣ್ಣಾಗಿ ಗೂಡು ಕಟ್ಟುವುದಕ್ಕೆ ಸುಮಾರು ೨೫ರಿಂದ ೨೮ ದಿನಗಳು ಹಿಡಿಯುತ್ತವೆ. ಅಷ್ಟರಲ್ಲಿ ಅದು ನಾಲ್ಕು ಸಲ ಪೊರೆ ಕಳಚುತ್ತದೆ. ಆಗ ಸೊಪ್ಪು ತಿನ್ನದೆ, ತಲೆಯೆತ್ತಿ, ಮಂಕಾಗಿ ನಿಲ್ಲುವುದರಿಂದ ರೈತರು ಅದನ್ನು ಜ್ವರವೆಂದು ಕರೆಯುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದಮೇಲೆ ಹುಳುವಿನ ಹಸಿವಿಗೆ ಮಿತಿಯಿಲ್ಲ. ಅದು ಬಾಳೆಲ್ಲ ತಿನ್ನುವ ಹಿಪ್ಪುನೇರಳೆ ಸೊಪ್ಪಿನಲ್ಲಿ ನೂರಕ್ಕೆ ೮೦ ಪಾಲಿಗೂ ಮಿಕ್ಕಿ ಈ ಕೊನೆಯ ವಾರದಲ್ಲಿಯೇ ಮುಗಿಯುತ್ತದೆ. ತೋಟದ ಸೊಪ್ಪು ಸಾಲದಿದ್ದರೆ ಕೊಂಡು ತರಬೇಕು. ಕೊಳ್ಳುವುದಕ್ಕೆ ಕೈಸಾಲ ಮಾಡಬೇಕು. ಈ ಖರ್ಚೆಲ್ಲ ಆದಮೇಲೆ ಸುಣ್ಣಕಟ್ಟು ರೋಗವೋ ಊಜಿ ನೊಣವೋ ಬಂದರೆ ಒಂದು ತಿಂಗಳ ದುಡಿಮೆ ತಿಪ್ಪೆಯ ಪಾಲು. ಚಂದ್ರಿಕೆಯ ಮೇಲೆ ಗೂಡು ಚೆನ್ನಾಗಿ ಕಟ್ಟಿದರೂ ನಿಶ್ಚಿಂತೆಯಿಲ್ಲ. ಗೂಡನ್ನು ಬಹಳ ದಿನ ಇಟ್ಟುಕೊಳ್ಳುವಂತಿಲ್ಲ. ಒಳಗಿನ ಹುಳು ಪತಂಗವಾಗಿ ಹೊರಬಂದರೆ ನೂಲಿನ ಎಳೆ ಕೆಟ್ಟುಹೋಗುತ್ತದೆ. ಆದುದರಿಂದ ರೈತನು ಅದನ್ನು ಏಷ್ಯಾಖಂಡದಲ್ಲಿಯೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಗೆ ಒಯ್ದು, ಹರಾಜಿನಲ್ಲಿ ಬಂದ ಬೆಲೆಗೆ ಕೊಡಬೇಕು. ಕೊಳ್ಳುವ ರೀಲರನ ಪಾಡೂ ಹೆಚ್ಚು ಬೇರೆಯಲ್ಲ. ಅವನಿಗೆ ದಿನದಿನವೂ ಗೂಡು ಕೊಳ್ಳಲು ರೊಕ್ಕ ಬೇಕು. ನೂಲಿನ ಬೆಲೆ ಬಿದ್ದರೆ ಅವನೂ ಸಾಹುಕಾರನ ಬಾಗಿಲಿಗೆ ನಡೆಯುತ್ತಾನೆ.

ಇಂಥ ಸೀಮೆಯಲ್ಲಿ ಕ್ರೈಸ್ತಧರ್ಮವು ಹೊಸದಾಗಿ ಬಂದ ಅತಿಥಿಯಲ್ಲ. ೧೭ನೆಯ ಶತಮಾನದ ನಡುವಿನಲ್ಲಿ ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಜೆಸುಯಿಟ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಮೈಸೂರು ಸೀಮೆಯ ಮಿಷನ್ನಿಗೆ ತಳಹದಿ ಹಾಕಿದನು. ಕನಕಪುರ ತಾಲ್ಲೂಕಿನಲ್ಲಿ, ಅರ್ಕಾವತಿಯ ಬಳಿಯಿರುವ ಹಾರೋಬೆಲೆ ಕ್ರೈಸ್ತರೇ ಬಹುಮಂದಿ ಇರುವ ಹಳ್ಳಿ. ಅಲ್ಲಿನವರು ತಮ್ಮ ಸಭೆಯ ಮೂಲವನ್ನು ಆ ಕಾಲಕ್ಕೇ ಒಯ್ಯುತ್ತಾರೆ. ಊರಿನ ಪಕ್ಕದ ಗುಡ್ಡಕ್ಕೆ ಕಪಾಲಬೆಟ್ಟವೆಂದು ಹೆಸರು. ಕ್ರಿಸ್ತನನ್ನು ಶಿಲುಬೆಗೇರಿಸಿದ ಗೊಲ್ಗೊಥಕ್ಕೂ ಕಪಾಲವೆಂದೇ ಅರ್ಥ. ಹಳೆಯ ಮೈಸೂರಿನ ಈ ಒಕ್ಕಲು ಕ್ರೈಸ್ತರಲ್ಲಿ ಪೇತ್ರನು ರಾಯಪ್ಪನಾಗಿದ್ದಾನೆ, ಪೌಲನು ಚಿನ್ನಪ್ಪನಾಗಿದ್ದಾನೆ, ಇಗ್ನೇಷಿಯಸನು ಇನ್ನಾಸಪ್ಪನಾಗಿದ್ದಾನೆ, ಕ್ಸೇವಿಯರನು ಚೌರಪ್ಪನಾಗಿದ್ದಾನೆ. ಹೆಸರು ಹೇಗೆ ನೆಲಕ್ಕೆ ಒಗ್ಗಿತೋ ಪ್ರಾರ್ಥನೆಯೂ ಹಾಗೆಯೇ ಒಗ್ಗಿದೆ. ಅನುದಿನದ ಆಹಾರವನ್ನು ಬೇಡುವಾಗ ಈ ಜನರ ಕಣ್ಣಮುಂದೆ ನಿಲ್ಲುವುದು ಗೋದಿಯ ರೊಟ್ಟಿಯಲ್ಲ, ರಾಗಿಯ ಮುದ್ದೆ.

ಯೇಸುಸ್ವಾಮಿ ಶಿಷ್ಯರಿಗೆ ಕಲಿಸಿದ ಆ ಪ್ರಾರ್ಥನೆಯಲ್ಲಿಯೇ ನಮ್ಮ ವಿಷಯದ ಬೀಗದಕೈ ಇದೆ. ಆಹಾರದ ಬೇಡಿಕೆ ಆದ ಕೂಡಲೆ ಬರುವುದು ಕ್ಷಮೆಯ ಬೇಡಿಕೆ. ರೂಢಿಯ ಕನ್ನಡ ಪ್ರಾರ್ಥನೆಯಲ್ಲಿ ನಾವು ತಪ್ಪುಗಳನ್ನು ಮನ್ನಿಸೆಂದು ಬೇಡುತ್ತೇವೆ. ಆದರೆ ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲಿ ಇರುವ ಶಬ್ದಕ್ಕೆ ನೇರವಾದ ಅರ್ಥ ಸಾಲ. ಯೇಸುಸ್ವಾಮಿ ಆಡುತ್ತಿದ್ದ ಅರಮೇಯ ಭಾಷೆಯಲ್ಲಿಯಂತೂ ಪಾಪಕ್ಕೂ ಸಾಲಕ್ಕೂ ಒಂದೇ ಮಾತು. ಇದು ಕನ್ನಡಿಗರಿಗೆ ಅಪರಿಚಿತವಾದ ಭಾವನೆಯಲ್ಲ. ನಮ್ಮ ಋಣವೆಂಬ ಶಬ್ದದಲ್ಲಿ ಸಾಹುಕಾರನ ಬಾಕಿಯೂ ಇದೆ, ಅನ್ನದ ಋಣವೂ ಇದೆ, ದೇವಋಣ ಪಿತೃಋಣಗಳೂ ಇವೆ. ಮನುಷ್ಯನು ದೇವರಿಗೆ ತೀರಿಸಲಾರದ ಬಾಕಿದಾರನು; ಆ ಬಾಕಿಯ ಮನ್ನಾ ಬೇಡುವವನು ತನಗೆ ಬಾಕಿಯಿರುವವನನ್ನು ಹೇಗೆ ಕಾಣುತ್ತಾನೆ ಎಂಬುದೇ ಆ ಪ್ರಾರ್ಥನೆಯ ಪರೀಕ್ಷೆ. ನಾಳೆಯ ಚಿಂತೆ ಬೇಡವೆಂಬ ಮಾತೂ ಇದೇ ಅಧ್ಯಾಯದಲ್ಲಿಯೇ ಇದೆ. ಅನ್ನ, ಸಾಲ, ಚಿಂತೆ, ಈ ಮೂರನ್ನೂ ಒಂದೇ ಪ್ರಸಂಗದಲ್ಲಿ ಹೇಳಿರುವಲ್ಲಿ ನಾವು ಕಡೆಯದನ್ನು ಮಾತ್ರ ಕಿತ್ತು ತಂದು ಆ ಗೃಹಿಣಿಯ ಕೈಗೆ ಕೊಟ್ಟೆವು. ನಮ್ಮ ತಪ್ಪು ಅದು.

ಬೈಬಲಿನ ಹಳೆಯ ಒಡಂಬಡಿಕೆಯನ್ನು ತೆರೆದರೆ ಸಾಲಗಾರನ ಕಷ್ಟಕ್ಕೆ ಅಲ್ಲಿ ಸಾಂತ್ವನಕ್ಕಿಂತ ಮೊದಲು ಕಟ್ಟಳೆಗಳಿವೆ. ಅವು ಬಹುಮಟ್ಟಿಗೆ ಸಾಲ ಕೊಟ್ಟವನಿಗೆ ಹಾಕಿದ ಕಟ್ಟಳೆಗಳು. ಧರ್ಮೋಪದೇಶಕಾಂಡದ ೨೪ನೆಯ ಅಧ್ಯಾಯವನ್ನು ನೋಡಿ. ಬೀಸುವ ಕಲ್ಲನ್ನಾಗಲಿ ಅದರ ಮೇಲಿನ ಹೋಳನ್ನಾಗಲಿ ಒತ್ತೆಯಾಗಿ ತೆಗೆದುಕೊಳ್ಳಕೂಡದು, ಏಕೆಂದರೆ ಅದು ಜೀವವನ್ನೇ ಒತ್ತೆಯಿಟ್ಟುಕೊಂಡಂತೆ. ರಾಗಿಕಲ್ಲಿನ ಶಬ್ದ ಕೇಳಿ ಬೆಳೆದ ನಾಡಿನವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯದಾಗಿ, ಒತ್ತೆ ತರುವುದಕ್ಕೆಂದು ಸಾಲ ಕೊಟ್ಟವನು ಸಾಲಗಾರನ ಮನೆಯೊಳಕ್ಕೆ ಹೋಗಬಾರದು. ಬಾಗಿಲಾಚೆ ನಿಲ್ಲತಕ್ಕದ್ದು, ಸಾಲಗಾರನೇ ಅದನ್ನು ಹೊರಗೆ ತಂದುಕೊಡತಕ್ಕದ್ದು. ಮೂರನೆಯದಾಗಿ, ಬಡವನ ಹೊದಿಕೆ ಒತ್ತೆಯಾಗಿ ಬಂದಿದ್ದರೆ ಹೊತ್ತು ಮುಳುಗುವ ಮುಂಚೆ ಹಿಂದಕ್ಕೆ ಕೊಡಬೇಕು. ನಾಲ್ಕನೆಯದಾಗಿ, ಕೂಲಿಯವನ ಕೂಲಿಯನ್ನು ಆ ದಿನವೇ, ಸೂರ್ಯಾಸ್ತಕ್ಕೆ ಮೊದಲೇ ಕೊಡಬೇಕು. ಇದೇ ಗ್ರಂಥದ ೧೫ನೆಯ ಅಧ್ಯಾಯದಲ್ಲಿ ಏಳು ವರ್ಷಕ್ಕೊಮ್ಮೆ ಸಾಲ ಬಿಟ್ಟುಬಿಡುವ ನಿಯಮವಿದೆ. ಬಿಡುಗಡೆಯ ವರ್ಷ ಹತ್ತಿರವಾಯಿತೆಂದು ಬಡವನಿಗೆ ಸಾಲ ಕೊಡದೆ ಕೈ ಬಿಗಿಹಿಡಿಯಬಾರದೆಂಬ ಎಚ್ಚರಿಕೆಯೂ ಅದರ ಜೊತೆಗೇ ಇದೆ. ಶಾಸನಕಾರನು ಮನುಷ್ಯಸ್ವಭಾವವನ್ನು ಎಷ್ಟು ಬಲ್ಲವನಾಗಿದ್ದನೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈ ಕಟ್ಟಳೆಗಳು ಮೂರು ಸಾವಿರ ವರ್ಷಗಳ ಹಿಂದಿನ ಕುರುಬರಿಗೂ ಒಕ್ಕಲಿಗರಿಗೂ ಸಂಬಂಧಿಸಿದುವು, ನಮಗೇಕೆ, ಎಂದು ಕೇಳಬಹುದು. ೨೦೦೯ರಲ್ಲಿ ರಾಮನಗರ, ಶಿಡ್ಲಘಟ್ಟ, ಕೋಲಾರಗಳಲ್ಲಿ ನಡೆದುದನ್ನು ನೆನೆಯೋಣ. ಹೆಂಗಸರ ಗುಂಪುಗಳಿಗೆ ಜಾಮೀನಿಲ್ಲದೆ ಸಾಲ ಕೊಡುವ ಕಿರುಸಾಲದ ಸಂಸ್ಥೆಗಳು ಒಂದೇ ಮನೆಗೆ ಹಲವು ಕಡೆಯಿಂದ ಹಣ ಸುರಿದಿದ್ದುವು. ಒಂದರ ಕಂತಿಗೆ ಇನ್ನೊಂದರ ಸಾಲ ಎಂಬಂತಾಗಿತ್ತು. ಕೊನೆಗೆ ಸಾವಿರಾರು ಮನೆಗಳವರು ಒಟ್ಟಾಗಿ ಕಂತು ನಿಲ್ಲಿಸಿದರು. ಮುಂದೆಯೂ ವಸೂಲಿಯ ಕಾಟದಿಂದ ಊರು ಬಿಟ್ಟವರ ಸುದ್ದಿ ರಾಜ್ಯದ ಹಲವು ಕಡೆಗಳಿಂದ ಬಂದಿತು. ೨೦೨೫ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಬಲವಂತದ ವಸೂಲಿಯನ್ನು ತಡೆಯುವುದಕ್ಕೆ ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ಸಾಲ ಕೊಟ್ಟವನು ಬಾಗಿಲಾಚೆ ನಿಲ್ಲಬೇಕೆಂಬ ಹಳೆಯ ಕಟ್ಟಳೆಗೂ ಈ ಹೊಸ ಶಾಸನಕ್ಕೂ ಇರುವ ನೆಂಟಸ್ತನ ಸ್ಪಷ್ಟವಾಗಿಯೇ ಇದೆ. ಬಡವನಿಗೆ ಉಳಿದಿರುವ ಆಸ್ತಿಯೆಂದರೆ ನೆರೆಹೊರೆಯ ಮುಂದೆ ಅವನ ಮಾನ; ಅದನ್ನು ಒತ್ತೆಯಿಟ್ಟುಕೊಳ್ಳುವುದು ಬೀಸುವ ಕಲ್ಲನ್ನು ಒತ್ತೆಯಿಟ್ಟುಕೊಂಡಂತೆಯೇ.

ಒತ್ತೆಯ ಮಾತು ಬಂದಾಗ ಇನ್ನೂ ಕಠಿಣವಾದ ಒಂದನ್ನು ಮರೆಮಾಡಲಾಗದು. ರೇಷ್ಮೆಯ ಊರುಗಳಲ್ಲಿ ಬಹುಕಾಲ ಮಕ್ಕಳೇ ಒತ್ತೆಯಾಗಿದ್ದರು. ತಂದೆತಾಯಿಗಳು ಮುಂಗಡ ಹಣ ಪಡೆದು ಮಕ್ಕಳನ್ನು ನೂಲು ಬಿಚ್ಚುವ, ಹುರಿ ಹಾಕುವ ಕಾರ್ಖಾನೆಗಳಿಗೆ ಕಳುಹಿಸುತ್ತಿದ್ದರು. ಮುಂಗಡ ತೀರುವವರೆಗೆ ಮಗು ಅಲ್ಲಿಯೇ. ಕುದಿಯುವ ನೀರಿನಲ್ಲಿ ಗೂಡಿನ ಎಳೆ ಹುಡುಕಿ ಬೆರಳು ಬೆಂದ ಮಕ್ಕಳ ವೃತ್ತಾಂತವನ್ನು ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆ ೨೦೦೩ರ ವರದಿಯಲ್ಲಿ ಲೋಕದ ಮುಂದಿಟ್ಟಿತು. ಜೀತಪದ್ಧತಿಯನ್ನು ರದ್ದುಮಾಡಿದ ಕೇಂದ್ರದ ಕಾಯಿದೆ ೧೯೭೬ರಷ್ಟು ಹಿಂದೆಯೇ ಬಂದಿದ್ದಿತೆಂಬುದನ್ನು ಗಮನಿಸಬೇಕು. ಕಾಯಿದೆಗೂ ಕಸುಬಿಗೂ ನಡುವೆ ಅಷ್ಟು ದೂರ.

ಬೈಬಲಿನಲ್ಲಿ ಈ ಕಥೆ ಎರಡು ಸಲ ಬರುತ್ತದೆ. ಅರಸುಗಳ ಎರಡನೆಯ ಗ್ರಂಥದಲ್ಲಿ ಒಬ್ಬ ವಿಧವೆ ಪ್ರವಾದಿಯಾದ ಎಲೀಷನ ಬಳಿಗೆ ಬರುತ್ತಾಳೆ. ಸಾಲಗಾರನಾಗಿ ಸತ್ತ ಗಂಡನ ಬಾಕಿಗಾಗಿ ಅವಳ ಇಬ್ಬರು ಮಕ್ಕಳನ್ನು ಜೀತಕ್ಕೆ ಒಯ್ಯಲು ಸಾಹುಕಾರನು ಬಂದಿದ್ದಾನೆ. ಎಲೀಷನು ಮೊದಲು ಕೇಳುವುದು ಮನೆಯಲ್ಲಿ ಏನಿದೆಯೆಂದು. ಒಂದು ಕುಡಿಕೆ ಎಣ್ಣೆ ಮಾತ್ರ ಇದೆ. ನೆರೆಯವರಿಂದ ಬರಿಯ ಪಾತ್ರೆಗಳನ್ನು ಎರವಲು ತರಲು ಹೇಳುತ್ತಾನೆ. ಎಣ್ಣೆ ಪಾತ್ರೆಗಳೆಲ್ಲ ತುಂಬುವಷ್ಟಾಗುತ್ತದೆ. ಅದನ್ನು ಮಾರಿ ಸಾಲ ತೀರಿಸಿ, ಮಿಕ್ಕದ್ದರಿಂದ ಬದುಕೆನ್ನುತ್ತಾನೆ. ಪವಾಡವನ್ನು ನಂಬುವುದು ಬಿಡುವುದು ಶ್ರೋತೃಗಳ ಇಷ್ಟ. ಆದರೆ ಕಥೆಯ ಕಟ್ಟನ್ನು ನೋಡಬೇಕು: ಆಕೆಯ ಮನೆಯಲ್ಲಿದ್ದುದೇ ಬಂಡವಾಳ, ನೆರೆಯವರ ಪಾತ್ರೆಗಳೇ ಸಹಕಾರ, ಸಾಲ ತೀರಿದುದು ಮಾರಾಟದಿಂದ. ಎರಡನೆಯ ಸಲ ನೆಹೆಮೀಯನ ಗ್ರಂಥದ ೫ನೆಯ ಅಧ್ಯಾಯದಲ್ಲಿ. ಯೆರೂಸಲೇಮಿನ ಗೋಡೆಯನ್ನು ಕಟ್ಟುತ್ತಿರುವ ಬಡಜನರು ಕ್ಷಾಮದಲ್ಲಿ ಹೊಲ, ತೋಟ, ಮನೆಗಳನ್ನು ಒತ್ತೆಯಿಟ್ಟು, ಮಕ್ಕಳನ್ನೂ ದಾಸತ್ವಕ್ಕೆ ಕೊಡಬೇಕಾಯಿತೆಂದು ಗೋಳಿಡುತ್ತಾರೆ. ಅಧಿಪತಿಯಾದ ನೆಹೆಮೀಯನು ಅವರಿಗೆ ತಾಳ್ಮೆಯನ್ನು ಬೋಧಿಸುವುದಿಲ್ಲ. ಶ್ರೀಮಂತರನ್ನು ಸಭೆ ಕರೆದು ಗದರಿಸುತ್ತಾನೆ. ತಾನೂ ತನ್ನವರೂ ಸಾಲ ಕೊಟ್ಟವರೆಂದು ಒಪ್ಪಿಕೊಳ್ಳುತ್ತಾನೆ. ಹೊಲಮನೆಗಳನ್ನೂ ಬಡ್ಡಿಯನ್ನೂ ಹಿಂದಿರುಗಿಸುವಂತೆ ಅವರಿಂದ ಪ್ರಮಾಣಮಾಡಿಸುತ್ತಾನೆ. ಕಷ್ಟದಲ್ಲಿರುವವನಿಗೆ ಹೇಳತಕ್ಕ ಮಾತು ಒಂದಾದರೆ, ಆ ಕಷ್ಟಕ್ಕೆ ಕಾರಣನಾದವನಿಗೆ ಹೇಳತಕ್ಕ ಮಾತು ಇನ್ನೊಂದು. ಎರಡನ್ನೂ ಹೇಳದವನು ಧರ್ಮವನ್ನು ಪೂರ್ತಿ ಹೇಳಿದಂತಾಗಲಿಲ್ಲ.

ಹಾಗಾದರೆ ಸಾಲಗಾರನಿಗೆ ಕರ್ತವ್ಯವೇ ಇಲ್ಲವೆ? ಇದೆ. ಸಾಲ ತೆಗೆದುಕೊಂಡು ತೀರಿಸದೆ ಇರುವವನನ್ನು ಕೀರ್ತನೆಗಳ ಗ್ರಂಥವು ದುಷ್ಟರ ಸಾಲಿಗೆ ಸೇರಿಸುತ್ತದೆ. ಜ್ಞಾನೋಕ್ತಿಗಳ ಗ್ರಂಥವು ಸಾಲಗಾರನು ಸಾಲ ಕೊಟ್ಟವನಿಗೆ ಆಳಾಗುತ್ತಾನೆಂದು ಎಚ್ಚರಿಸುತ್ತದೆ. ಮತ್ತೊಬ್ಬನಿಗಾಗಿ ಜಾಮೀನು ನಿಂತು ಸಿಕ್ಕಿಕೊಂಡವನು ನಿದ್ದೆಗೆಟ್ಟಾದರೂ ಬಿಡಿಸಿಕೊಳ್ಳಬೇಕೆನ್ನುತ್ತದೆ. ಮದುವೆಯ ಆಡಂಬರಕ್ಕೆ, ಊರಹಬ್ಬದ ಪ್ರತಿಷ್ಠೆಗೆ ಮಾಡಿದ ಸಾಲಕ್ಕೂ ಹುಳುವಿನ ಸೊಪ್ಪಿಗೆ ಮಾಡಿದ ಸಾಲಕ್ಕೂ ವ್ಯತ್ಯಾಸವಿದೆ. ಅದನ್ನು ಮನೆಯವರೇ ಕುಳಿತು ಲೆಕ್ಕಹಾಕಬೇಕು. ಗೋಪುರ ಕಟ್ಟುವ ಮುನ್ನ ಖರ್ಚನ್ನು ಎಣಿಸುವವನ ದೃಷ್ಟಾಂತವನ್ನು ಯೇಸುಸ್ವಾಮಿಯೇ ಹೇಳಿದ್ದಾರೆ.

ಗುಂಪಿನ ಸಾಲದಲ್ಲಿ ಒಬ್ಬಳು ತಪ್ಪಿದರೆ ಉಳಿದವರು ಕಟ್ಟಬೇಕೆಂಬ ಏರ್ಪಾಡು ಇರುತ್ತದಷ್ಟೆ. ಆಗ ಹುಟ್ಟುವ ಸಂಕಟಕ್ಕೆ ಪೌಲನು ಗಲಾತ್ಯದವರಿಗೆ ಬರೆದ ಪತ್ರದ ೬ನೆಯ ಅಧ್ಯಾಯ ಬೆಳಕು ಕೊಡುತ್ತದೆ. ಒಬ್ಬರ ಭಾರವನ್ನೊಬ್ಬರು ಹೊತ್ತುಕೊಳ್ಳಿರೆಂದು ಒಂದು ಕಡೆ ಹೇಳಿದ ಪೌಲನು, ಮೂರೇ ವಾಕ್ಯಗಳ ಮುಂದೆ ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕೆನ್ನುತ್ತಾನೆ. ಇದು ವಿರೋಧವಲ್ಲವೆ? ಮೂಲದಲ್ಲಿ ಎರಡು ಬೇರೆ ಶಬ್ದಗಳಿವೆ: ಒಂದು ನೆಲಕ್ಕೆ ಅದುಮುವ ಭಾರ, ಇನ್ನೊಂದು ಪ್ರಯಾಣಿಕನು ತಾನೇ ಹೊತ್ತು ನಡೆಯತಕ್ಕ ಗಂಟು. ದಿನದ ದುಡಿಮೆ, ಮಿತವ್ಯಯ, ಕೊಟ್ಟ ಮಾತು, ಇವು ಅವರವರ ಗಂಟು. ಹುಳುವಿನ ರೋಗ, ಮನೆಯ ಯಜಮಾನನ ಸಾವು, ಮಳೆ ಬಾರದ ವರ್ಷ, ಇವು ಭಾರ. ಗಂಟನ್ನು ಬೇರೆಯವರ ಹೆಗಲಿಗೆ ದಾಟಿಸುವುದು ಸೋಮಾರಿತನ. ಭಾರದ ಕೆಳಗೆ ಸಿಕ್ಕಿದವನನ್ನು ನೋಡಿಕೊಂಡು ಸುಮ್ಮನಿರುವುದು ಕ್ರೂರತನ.

ಈ ವಿವೇಕವನ್ನು ಒಂದು ವ್ಯವಸ್ಥೆಯಾಗಿ ಕಟ್ಟಿದ ಗೃಹಸ್ಥನೊಬ್ಬನಿದ್ದನು. ಜರ್ಮನಿಯ ಹಳ್ಳಿಗಾಡಿನ ಪುರಾಧ್ಯಕ್ಷ ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸನ್, ಜನನ ೧೮೧೮, ಮರಣ ೧೮೮೮. ೧೮೪೬-೪೭ರ ಕ್ಷಾಮದಲ್ಲಿ ಈ ಕ್ರೈಸ್ತಭಕ್ತನು ಮೊದಲು ಮಾಡಿದ ಕೆಲಸ ಬಡವರಿಗೆ ರೊಟ್ಟಿ ಒದಗಿಸುವ ಸಂಘ ಕಟ್ಟಿದುದು. ದಾನ ಒಂದು ಚಳಿಗಾಲ ದಾಟಿಸುತ್ತದೆ, ಸಾಲದ ಉರುಲನ್ನು ಬಿಚ್ಚುವುದಿಲ್ಲ, ಎಂಬುದನ್ನು ಅನುಭವದಿಂದ ಕಂಡುಕೊಂಡು, ೧೮೬೪ರಲ್ಲಿ ಹೆಡೆಸ್‌ಡಾರ್ಫಿನಲ್ಲಿ ರೈತರು ಒಬ್ಬರಿಗೊಬ್ಬರು ಹೊಣೆಯಾಗಿ ಮಿತವಾದ ಬಡ್ಡಿಗೆ ಸಾಲ ಪಡೆಯುವ ಸಂಘವನ್ನು ಸ್ಥಾಪಿಸಿದನು. ಒಂದೂರಿಗೆ ಒಂದೇ ಸಂಘ. ಸದಸ್ಯರೆಲ್ಲ ಒಬ್ಬರನ್ನೊಬ್ಬರು ಬಲ್ಲವರು. ಮದರಾಸು ಸರ್ಕಾರದ ಪರವಾಗಿ ಫ್ರೆಡರಿಕ್ ನಿಕಲ್ಸನ್ ೧೮೯೫ರಿಂದ ೧೮೯೭ರವರೆಗೆ ಬರೆದ ವರದಿಯು ಈ ಮಾದರಿಯನ್ನೇ ಎತ್ತಿಹಿಡಿಯಿತು. ೧೯೦೪ರಲ್ಲಿ ಬ್ರಿಟಿಷ್ ಇಂಡಿಯದಲ್ಲಿಯೂ ೧೯೦೫ರಲ್ಲಿ ಮೈಸೂರು ಸಂಸ್ಥಾನದಲ್ಲಿಯೂ ಸಹಕಾರ ಸಂಘಗಳ ಕಾನೂನು ಬಂದಿತು. ನಮ್ಮ ಹಳ್ಳಿಗಳ ಸೊಸೈಟಿಯ ವಂಶಾವಳಿಯಲ್ಲಿ ಹೀಗೆ ಒಂದು ರೊಟ್ಟಿಯ ಸಂಘವಿದೆ. ಹಕ್ಕಿಗಳನ್ನು ಸಲಹುವ ದೇವರು ರೈತನನ್ನು ಸಲಹುವುದಕ್ಕೆ ಮನುಷ್ಯರ ಕೈಗಳನ್ನು ಬಳಸುತ್ತಾನೆಂಬುದಕ್ಕೆ ಇದೊಂದು ನಿದರ್ಶನ. ಈ ಬುದ್ಧಿ ಒಂದು ಮತದವರ ಸೊತ್ತೂ ಅಲ್ಲ. ಮಾಗಡಿ ಸೀಮೆಯ ವೀರಾಪುರದಲ್ಲಿ ೧೯೦೭ರಲ್ಲಿ ಹುಟ್ಟಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಸಾವಿರಾರು ಬಡಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಒಟ್ಟಿಗೆ ಬಡಿಸಿದುದನ್ನು ನಾಡೆಲ್ಲ ಬಲ್ಲದು.

ಈಗ ನಗರದಲ್ಲಿ ಕುಳಿತು ಕೇಳುತ್ತಿರುವ ನಮ್ಮನಿಮ್ಮ ಮಾತು. ಸಾಲ ಕೊಡುವವರು ನಾವಲ್ಲವೆಂದು ನಿರಾಳವಾಗಿರಲು ಬರುವುದಿಲ್ಲ. ನಮ್ಮ ಮನೆಯ ಮದುವೆಯಲ್ಲಿ ರೇಷ್ಮೆ ಸೀರೆಯಿದೆ. ನಮ್ಮ ಮಕ್ಕಳ ಕೈಯಲ್ಲಿ ಆಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಚನ್ನಪಟ್ಟಣದ ಬೊಂಬೆಯಿದೆ. ದುಡಿದವನ ಕೂಲಿ ಅವನ ಕೈ ಸೇರಿತೆ, ಅವನ ಮಗು ಶಾಲೆಯಲ್ಲಿದೆಯೆ, ಎಂಬ ಪ್ರಶ್ನೆ ಬೆಲೆಚೀಟಿಯಲ್ಲಿ ಬರೆದಿರುವುದಿಲ್ಲ, ಕೊಳ್ಳುವವನೇ ಕೇಳಬೇಕು. ಮನೆಗೆಲಸದಾಕೆ ಮುಂಗಡ ಕೇಳಿದಾಗ, ಕೂಲಿಯಾಳು ಸಂಜೆ ಬಾಗಿಲಲ್ಲಿ ನಿಂತಾಗ, ನಾಳೆ ಬಾ ಎನ್ನುವುದು ಸುಲಭ. ಆ ನಾಳೆಗೆ ಅವರು ಬಡ್ಡಿ ತೆರುತ್ತಿರುತ್ತಾರೆಂಬುದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಮತ್ತಾಯನ ಸುವಾರ್ತೆಯಲ್ಲಿ ಒಬ್ಬ ಸೇವಕನ ದೃಷ್ಟಾಂತವಿದೆ. ಅವನು ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕಾಗಿತ್ತು. ಒಂದು ತಲಾಂತೆಂದರೆ ಸುಮಾರು ಆರು ಸಾವಿರ ದಿನಗಳ ಕೂಲಿ. ಒಟ್ಟು ಆರು ಕೋಟಿ ದಿನಗಳ ಕೂಲಿಯಾಯಿತು. ಅರಸನು ಅದನ್ನು ಮನ್ನಾ ಮಾಡಿದನು. ಹೊರಗೆ ಬಂದ ಅದೇ ಸೇವಕನು, ತನಗೆ ನೂರು ದಿನದ ಕೂಲಿಯಷ್ಟು ಕೊಡಬೇಕಾಗಿದ್ದ ಜೊತೆಯವನ ಕುತ್ತಿಗೆ ಹಿಡಿದು ಸೆರೆಗೆ ಹಾಕಿಸಿದನು. ನೂರು ದಿನದ ಕೂಲಿ ಸಣ್ಣ ಮೊತ್ತವೇನೂ ಅಲ್ಲ, ಬಡವನ ಒಂದು ಬೆಳೆಯೇ ಸರಿ; ಆದರೆ ತನಗೆ ಬಿಟ್ಟದ್ದನ್ನು ನೆನೆದವನಿಗೆ ಕಾಲಾವಕಾಶ ಕೊಡುವುದು ಕಷ್ಟವಾಗಬಾರದಿತ್ತು.

ಆ ಗೃಹಿಣಿಗೆ ನಾವು ಹೇಳಬೇಕಾಗಿದ್ದುದು ಇದು: ನಾಳೆಯ ಚಿಂತೆಯನ್ನು ಒಬ್ಬಳೇ ಹೊರಬೇಡ, ತಾಯಿ, ಲೆಕ್ಕದ ಪುಸ್ತಕವನ್ನು ತಾ, ಒಟ್ಟಿಗೆ ಕೂತು ನೋಡೋಣ, ಗಡುವು ಕೇಳುವುದಕ್ಕೆ ನಿನ್ನ ಜೊತೆ ನಾವೂ ಬರುತ್ತೇವೆ. ನ್ಯಾಯವಾದ ಬಾಕಿಯನ್ನು ತೀರಿಸುವ ದಾರಿ ಹುಡುಕೋಣ. ನ್ಯಾಯವಲ್ಲದ್ದನ್ನು ನ್ಯಾಯವಲ್ಲವೆಂದು ಹೇಳೋಣ. ಹೀಗೆ ಹೇಳಿದ್ದರೆ ಹಕ್ಕಿಗಳ ಮಾತು ಆಕೆಗೆ ಆಗ ತಾನಾಗಿಯೇ ಅರ್ಥವಾಗುತ್ತಿತ್ತು. ಪೌಲನು ರೋಮಾಪುರದವರಿಗೆ ಬರೆಯುತ್ತ, ಯಾರಿಗೂ ಯಾವ ಸಾಲವನ್ನೂ ಉಳಿಸಿಕೊಳ್ಳಬೇಡಿರಿ, ಆದರೆ ಪ್ರೀತಿಯ ಸಾಲ ಮಾತ್ರ ತೀರುವಂಥದಲ್ಲವೆಂಬ ಭಾವವನ್ನು ತಿಳಿಸುತ್ತಾನೆ. ನಮ್ಮ ಹಿರಿಯರು ಋಣಾನುಬಂಧವೆಂದು ಕರೆದುದೂ ಇಂಥದನ್ನೇ. ಆ ಋಣದ ಕಂತು ಪ್ರತಿದಿನವೂ ಬರುತ್ತದೆ, ಮತ್ತು ಅದನ್ನು ಕಟ್ಟಬೇಕಾದವರು ನಾವು.